ಟವಲ್ ಕೆಳಗಿನ ಅಫೀಮು ವ್ಯಾಪಾರ

ಮೂರು ವರ್ಷದ ಹಿಂದೆ ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಕೂರಿಸಿ ಊಟ ಹಾಕುತ್ತಾರೆಂದಲ್ಲ, ವರ್ಷ ಮುಗಿದರೆ ಎದ್ದು ಹೋಗಬೇಕೆಂದು. ಪ್ರಾಂಶುಪಾಲರಿಂದ ಬಸ್ ಕಂಡಕ್ಟರ್‌ವರೆಗೆ ಎಲ್ಲರ ದನಿ ಅನುಕರಿಸುವ ಚಟ ನನ್ನದು; ಸ್ವಂತ ದನಿ ಯಾವುದೆಂದು ನಮ್ಮಮ್ಮನಿಗೇ ಗುಮಾನಿ. ಒಂದು ದಿನ ಪ್ರಾಂಶುಪಾಲರು ಕರೆದು, ನಾಳೆ ನನ್ನ ತರಗತಿಯಲ್ಲಿ ಕೂತು ನೋಡುವುದಾಗಿ, ಅದರ ಮೇಲೆಯೇ ನನ್ನನ್ನು ಮುಂದುವರಿಸುವ ತೀರ್ಮಾನವೆಂದು ತಿಳಿಸಿದರು. "ಮಿಮಿಕ್ರಿ ಬುಡಿ, ಪಾಠ ಮಾಡಿ" ಎಂದರು.

ಮರುದಿನದ ಪಾಠ ಅಫೀಮಿನದು. ಬ್ರಿಟಿಷ್ ಇಂಡಿಯಾ ಸರ್ಕಾರ ಗಸಗಸೆ ಕಾಯಿಯ ಹಾಲಿನಿಂದ ಅಫೀಮು ತಯಾರಿಸುತ್ತಿತ್ತು. ಜಾವಾದ ಡಚ್ ಸರ್ಕಾರ ಅದನ್ನು ಕೊಂಡು ತನ್ನ ಅಂಗಡಿಗಳಲ್ಲಿ ತಾನೇ ಮಾರುತ್ತಿತ್ತು. ಬೇರೆ ಯಾರೂ ಮಾರುವಂತಿರಲಿಲ್ಲ. ಇದೇ ಏಕಸ್ವಾಮ್ಯ. ಕಲ್ಕತ್ತೆಯಲ್ಲಿ ನಡೆಯುತ್ತಿದ್ದ ಹರಾಜು ಬಿಟ್ಟು ಎರಡೂ ಸರ್ಕಾರಗಳೇ ನೇರವಾಗಿ ಬೆಲೆ ಮಾತಾಡಿಕೊಂಡ ಕಥೆಯನ್ನು ಹತ್ತು ನಿಮಿಷ ಗಂಭೀರವಾಗಿ ವಿವರಿಸಿದೆ. ಮೊದಲ ಬೆಂಚೇ ಆಕಳಿಸಿತು.

ದಿಗಿಲಾಗಿ ಇಬ್ಬರನ್ನು ಮುಂದೆ ನಿಲ್ಲಿಸಿದೆ. ದಂಡಿನಶಿವರದ ಮಂಜ ಕಲ್ಕತ್ತೆಯ ಅಧಿಕಾರಿ, ಅವನ ಗೆಳೆಯ ಲೋಕಿ ಜಾವಾದವನು. ವ್ಯಾಪಾರ ಕುದುರಿಸಿ ಎಂದೆ. ಮಂಜನ ಅಪ್ಪ ದನದ ದಲ್ಲಾಳಿ. ಮಗ ಆಟದ ಬ್ಯಾಗಿನಿಂದ ಟವಲ್ ತೆಗೆದು ಇಬ್ಬರ ಕೈಮೇಲೂ ಹೊದಿಸಿಬಿಟ್ಟ. ದನದ ಸಂತೆಯಲ್ಲಿ ಹಾಗೆಯೇ. ಟವಲ್ ಕೆಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ.

"ಇನ್ನೊಂದ್ ಬೆರಳು ಬುಡ್ಲಾ, ಹಡಗಿನ ಬಾಡಿಗೆ ಕೊಟ್ಟು ಬಂದಿವ್ನಿ" ಎಂದ ಲೋಕಿ.

"ಬಂದ ಹಡಗಲ್ಲೇ ವಾಪಸ್ ಹೋಗ್ಲಾ" ಎಂದ ಮಂಜ.

ತರಗತಿ ನೆಟ್ಟಗೆ ಕೂತಿತು. ವ್ಯಾಪಾರ ಕುದುರಿತು. ಆಗ ಹಾಲ್ಕುರಿಕೆಯ ಕಾವ್ಯ ಎದ್ದು ನಿಂತಳು. ಅಪ್ಪನ ಜೊತೆ ಕೊಬ್ಬರಿ ಮಾರಲು ಹೋಗಿ ಬರುವವಳು, ತರಗತಿಯಲ್ಲಿ ಮಾತ್ರ ಹಾಜರಿಗೆ ಬಿಟ್ಟರೆ ಬಾಯಿ ತೆರೆದವಳಲ್ಲ.

"ಸಾರ್, ಟವಲ್ ಒಳಗೆ ಎರಡೇ ಕೈ ಅವೆ. ಗಸಗಸೆ ಗಿಡ ಬೆಳ್ದೋರ ಕೈ ಎಲ್ಲಿ?"

ನನ್ನ ನೋಟ್ಸ್‌ನಲ್ಲಿ ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಲ್ಕತ್ತೆ ಸಾಹೇಬನ ದನಿಯಲ್ಲಿ ಗದರಿ, ನಗಿಸಿ, ಪಾರಾಗಬಹುದಿತ್ತು. ಅದು ಬಾಯಿತನಕ ಬಂದೂ ಇತ್ತು. ಹಿಂದಿನ ಬೆಂಚಿನಲ್ಲಿ ಪ್ರಾಂಶುಪಾಲರು ಪೆನ್ನು ಹಿಡಿದಿದ್ದರು. ನುಂಗಿಕೊಂಡು, ನನ್ನದೇ ಇರಬಹುದಾದ ದನಿಯಲ್ಲಿ ಹೇಳಿದೆ: "ನಂಗೊತ್ತಿಲ್ಲ ಕಣಮ್ಮ. ಅದನ್ನ ನಾನು ಓದೇ ಇಲ್ಲ."

ಯಾರೂ ನಗಲಿಲ್ಲ. ಪ್ರಾಂಶುಪಾಲರು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು. ಬಾಗಿಲಲ್ಲಿ ತಿರುಗಿ, "ಓದ್ಕಂಡ್ ಬನ್ನಿ. ಮುಂದಿನ ವರ್ಷದ ಮಕ್ಳಿಗೆ ಅಲ್ಲಿಂದ್ಲೇ ಶುರು ಮಾಡಿ" ಎಂದರು.

ಅಂದಿನಿಂದ ಈ ಪಾಠಕ್ಕೆ ಮೂವರನ್ನು ನಿಲ್ಲಿಸುತ್ತೇನೆ. ಮೂರನೆಯವರು ಗಸಗಸೆ ಬೆಳೆದವರು; ಅವರ ಕೈ ಟವಲ್‌ನ ಹೊರಗೇ ಇರುತ್ತದೆ, ಎಲ್ಲರಿಗೂ ಕಾಣುವಂತೆ. ಮೇಷ್ಟ್ರಿಗೆ ಊರಿನವರ ದನಿಯೆಲ್ಲ ಬಂದರೆ ಸಾಲದು, ಗೊತ್ತಿಲ್ಲ ಎನ್ನಲು ತನ್ನದೊಂದು ದನಿ ಬೇಕು. ನನ್ನ ಆ ದನಿಯನ್ನು, ಕಾಲೇಜು ಮುಗಿಸಿದ ಮಂಜ ಈಗ ಸಿಕ್ಕಾಗಲೆಲ್ಲ ಅನುಕರಿಸುತ್ತಾನೆ. ನನಗಿಂತ ಚೆನ್ನಾಗಿ.