ಕಣಜ ಕಚ್ಚಿರಲಿಲ್ಲ

ಅಕ್ಕನ ಮಗಳಿಗೆ ಆಗ ಆರು ವರ್ಷ. ಹತ್ತು ದಿನದಿಂದ ನೆಗಡಿ ಬಿಟ್ಟಿರಲಿಲ್ಲ. ಮೂಗಿನಿಂದ ಹಸಿರು ಸಿಂಬಳ. ತಲೆನೋವು ಅಂತ ಗೋಡೆಗೆ ಹಣೆ ಒತ್ತಿಕೊಂಡು ಕೂರುತ್ತಿದ್ದಳು. ನೆಗಡಿಗೆ ಯಾರು ಆಸ್ಪತ್ರೆಗೆ ಹೋಗುತ್ತಾರೆ? ನಾವೂ ಹೋಗಲಿಲ್ಲ.

ನಾನು ಆತಗೂರು ಕಡೆಯ ಆಲೆಮನೆಯೊಂದರಲ್ಲಿ ಗಾಣಕ್ಕೆ ಕಬ್ಬು ಕೊಡುವ ಕೆಲಸದಲ್ಲಿದ್ದೆ. ಬೆಲ್ಲ ಕಾಯಿಸುವ ಕಡೆ ಕಣಜದ ಹುಳುಗಳು ಮುತ್ತಿಕೊಂಡೇ ಇರುತ್ತವೆ. ಕಚ್ಚಿಸಿಕೊಳ್ಳದ ಆಳು ಅಲ್ಲಿಲ್ಲ. ಆ ಭಾನುವಾರ ಅವಳೂ ನನ್ನ ಜೊತೆ ಬಂದು ಬಿಸಿ ಬೆಲ್ಲ ತಿಂದು ಹೋಗಿದ್ದಳು. ಮಾರನೆಯ ಬೆಳಿಗ್ಗೆ ಎಡಗಣ್ಣಿನ ರೆಪ್ಪೆ ಊದಿ ಕೆಂಪಾಗಿತ್ತು. ಕಣಜ ಕಚ್ಚಿದೆ ಅಂದವನು ನಾನೇ. ಅವ್ವ ಕಣ್ಣಿನ ಸುತ್ತ ಸುಣ್ಣ ಹಚ್ಚಿದಳು.

ಮಗುವಿನ ಮೈ ಸುಡುತ್ತಿತ್ತು.

“ಕಣಜ ಕಚ್ಚುದ್ರೆ ಜ್ವರ ಬತ್ತದೇನ್ಲಾ?” ಅಂದಳು ಅಕ್ಕ.

“ಬತ್ತದೆ ಕಣಕ್ಕ. ನಂಗ್ ಬಂದಿರ್ನಿಲ್ವಾ? ಸಂಜೆಗೆ ಇಳೀತದೆ, ಬುಡು.”

ನಾನು ಚಪ್ಪಲಿ ಮೆಟ್ಟುವಾಗ ಮಗು ಬೆರಳಿನಿಂದ ರೆಪ್ಪೆ ಎತ್ತಿ ನನ್ನನ್ನೇ ನೋಡಿತು.

“ಮಾವ, ನೀನು ಇಬ್ರು ಕಾಣ್ತೀಯ.”

“ಒಬ್ಬನ್ಗೆ ರಾಗಿ ಇಟ್ಟು ಬೇಯ್ಸಕ್ಕೇ ನಿಮ್ಮಜ್ಜಿ ಬೈತಾಳೆ. ಇನ್ನೊಬ್ಬನ್ನ ಎಲ್ಲಿಂದ ತಂದೆ ಅಮ್ಮಿ?”

ನಕ್ಕು ಕೆಲಸಕ್ಕೆ ಹೋದೆ.

ಮರುದಿನ ರೆಪ್ಪೆ ಎತ್ತಲು ಆಗಲಿಲ್ಲ. ಒಳಗಿನಿಂದ ಯಾರೋ ತಳ್ಳಿದ ಹಾಗೆ ಗುಡ್ಡೆ ಮುಂದಕ್ಕೆ ಬಂದಿತ್ತು. ಕುಡಿದ ನೀರೂ ವಾಂತಿಯಾಯಿತು. ಮದ್ದೂರಿಗೆ ಎತ್ತಿಕೊಂಡು ಓಡಿದೆವು. ಡಾಕ್ಟರಮ್ಮ ಸುಣ್ಣ ಒರೆಸಿ ಕಚ್ಚಿದ ಗುರುತು ಹುಡುಕಿದರು. ಇರಲಿಲ್ಲ. ರೆಪ್ಪೆ ಬಿಡಿಸಿ ಹಿಡಿದು, ತಲೆ ಅಲ್ಲಾಡಿಸದೆ ಬೆರಳನ್ನೇ ನೋಡು ಅಂದರು. ಬಲಗಣ್ಣು ಬೆರಳಿನ ಹಿಂದೆ ಹೋಯಿತು. ಎಡಗಣ್ಣು ಇದ್ದಲ್ಲೇ ನಿಂತಿತು.

“ಎರಡೆರಡು ಕಾಣುತ್ತೆ ಅಂತ ಏನಾದ್ರೂ ಅಂದಿದ್ಲಾ?”

ಅಕ್ಕ ಇಲ್ಲ ಅಂದಳು. ನಾನು ನೆಲ ನೋಡಿದೆ. ಆಮೇಲೆ ಬಾಯಿ ಬಿಟ್ಟೆ.

“ಅಂದಿದ್ಲು. ನಿನ್ನೆ ಬೆಳಿಗ್ಗೆ. ನನ್ಹತ್ರ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಂಬುಲೆನ್ಸಿನಲ್ಲೇ ಮಂಡ್ಯಕ್ಕೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿ ಹೇಳಿದರು: ಮೂಗಿನ ಪಕ್ಕದ ಮೂಳೆಯ ಪೊಳ್ಳಿನೊಳಗೆ ಕೀವು ತುಂಬಿದೆ, ಆ ಮೂಳೆ ಕಾಗದದಷ್ಟು ತೆಳು, ಅದನ್ನು ದಾಟಿ ಕಣ್ಣಿನ ಹಿಂದೆ ಸೇರಿದೆ, ಇನ್ನೂ ಮೇಲೆ ಹೋದರೆ ಮೆದುಳು. ನೆಗಡಿ ಇಷ್ಟು ದೂರ ಹೋಗುತ್ತದೆ ಅಂತ ನಮಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನವೇ ಮೂಗಿನೊಳಗಿಂದ ಆಪರೇಷನ್ ಮಾಡಿ ಕೀವು ತೆಗೆದರು. ಜೀವಕ್ಕೆ ಭಯವಿಲ್ಲ ಅಂದರು. ನೋಟದ ಮಾತು ಕೇಳಿದ್ದಕ್ಕೆ, ಕಣ್ಣು ಬಿಡಲಿ, ನೋಡೋಣ ಅಂದರು.

ನಾಲ್ಕನೇ ದಿನ ಎಡಗಣ್ಣು ಬಿಟ್ಟಳು. ನಾನು ಬನ್ನು ಹಿಡಿದು ಎದುರಿಗೆ ನಿಂತಿದ್ದೆ.

“ನಾನ್ ಎಷ್ಟ್ ಜನ ಇವ್ನಿ ಅಮ್ಮಿ?”

ಅವಳು ನನ್ನನ್ನು ನೋಡಿದಳು. ಆಮೇಲೆ ಅವಳ ಅವ್ವನ ಮುಖ ನೋಡಿದಳು.

“ಒಬ್ನೇ ಮಾವ.”

ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನಾನು ಬನ್ನು ಚಾಚಿದೆ. ಮಗು ಕೈ ನೀಡಿತು. ಆ ಕೈ ಬನ್ನು ಬಿಟ್ಟು ಗೇಣು ಪಕ್ಕಕ್ಕೆ ಹೋಗಿ ಬರೀ ಗಾಳಿ ಹಿಡಿಯಿತು.