ಕಿಟಕಿ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದೆ

ನೀಲವ್ವ, ವಿಮಾನ ಇಳಿಯುವಾಗ ನಿನ್ನ ಡ್ರೋನ್ ಕಂಡೆ ಅಂದೆನಲ್ಲ — ಸುಳ್ಳು. ಡ್ರೋನೂ ಕಾಣಲಿಲ್ಲ, ನೆಲವೂ ಕಾಣಲಿಲ್ಲ. ಹೆದರಿ ಕಣ್ಣು ಮುಚ್ಚಿದವಳು, ಚಕ್ರ ನೆಲಕ್ಕೆ ಬಡಿದ ಮೇಲೇ ಬಿಟ್ಟದ್ದು. ಇಷ್ಟು ಹೇಳಲು ನಾಲ್ಕು ವರ್ಷ ಬೇಕಾಯಿತು.

ನಾನು ಕಾಶಿಗೆ ಹೊರಟ ದಿನ ನೀನೇ ಅಂದಿದ್ದೆ, "ಬರೂ ಮುಂದ ಕಿಟಕ್ಯಾಗ ನೋಡ ಬೇ, ನಿನ್ನ ಮಾಳಗಿ ಮ್ಯಾಲ ಡ್ರೋನ್ ಹಾರಿಸಿ ಕರೀತೀನಿ." ತಮಾಷೆಗೆ. ಮದುವೆ ಮನೆಗಳಲ್ಲಿ ಡ್ರೋನ್ ಹಾರಿಸಿ ವಿಡಿಯೋ ತೆಗೆಯುವ ಕೆಲಸ ನಿನ್ನದು. ಪಟ್ಟಂದೂರು ಅಗ್ರಹಾರದ ನಮ್ಮ ಮನೆಯ ಮೇಲಿನ ರೂಮಿನಲ್ಲಿ ನೀನು ಬಾಡಿಗೆಗಿದ್ದೆ. ಮೊದಲ ಸಲ ನೀನು 'ಬೇ' ಅಂದಾಗ ಬೈದು ಮೆಟ್ಟಿಲು ಇಳಿಸಿದ್ದೆ — ನಮ್ಮ ಕಡೆ ಅದು ರೌಡಿಗಳ ಮಾತು. ಗದಗದ ಕಡೆ ಅವ್ವನನ್ನು ಹಾಗೆ ಕರೆಯುತ್ತಾರೆ ಅಂತ ತಿಳಿದ ಮೇಲೆ, ಅದನ್ನು ಕೇಳದೆ ನನಗೆ ಬೆಳಗಿನ ಕಾಫಿ ಇಳಿಯುತ್ತಿರಲಿಲ್ಲ.

ಕಾಶಿಯಿಂದ ಬಂದಾಗ ಬೀದಿಯ ಹೆಂಗಸರೆಲ್ಲ ಸುತ್ತ ಕೂತರು. "ಮ್ಯಾಲಿಂದ ಏನಜ್ಜಿ ಕಾಣ್ತು?" ಕಣ್ಣು ಮುಚ್ಚಿದ್ದೆ ಅನ್ನಲು ನಾಚಿಕೆ. "ನಮ್ ನೀಲವ್ವನ್ ಡ್ರೋನು! ರೆಕ್ಕೆ ಪಕ್ಕಾನೇ ಬಂತು ಕಣ್ರೇ, ಕೈ ಚಾಚಿದ್ರೆ ಸಿಕ್ತಿತ್ತು" ಅಂದುಬಿಟ್ಟೆ. ಯಾರೋ ಅದನ್ನು ಫೋನಿನಲ್ಲಿ ಹಿಡಿದರು, ಊರೆಲ್ಲ ಸುತ್ತಿತು. ವಿಮಾನದ ಹತ್ತಿರ ಡ್ರೋನ್ ಹಾರಿಸುವುದು ಅಪರಾಧವಂತೆ, ಮೂರನೇ ದಿನ ಪೊಲೀಸರು ಬಂದರು.

ಬಂದ ಪೊಲೀಸಪ್ಪ ಒಳ್ಳೆಯವನೇ. "ಅಜ್ಜಿ, ವಿಮಾನ ಅಷ್ಟು ಸ್ಪೀಡಲ್ಲಿ ಇಳೀತಿರತ್ತೆ. ಈ ಡ್ರೋನ್ ನೋಡಿದ್ರೆ ಅಂಗೈ ಅಗಲ. ಕಿಟಕೀಲಿ ಕಾಣೋದು ಕಷ್ಟ. ಹದ್ದು ಗಿದ್ದು ನೋಡಿದ್ರಾ?"

ಹೌದಪ್ಪ, ಹದ್ದು ಅಂದಿದ್ದರೆ ಮುಗಿಯುತ್ತಿತ್ತು. ನಾಲಿಗೆ ತುದಿಗೂ ಬಂದಿತ್ತು — ಅಷ್ಟರಲ್ಲಿ ನೀನು, "ಅವತ್ತ ನಾ ಹಾರಿಸೇ ಇಲ್ರೀ ಸಾಹೇಬ್ರ. ಯಾಕ ಬೇ, ಸುಳ್ಳ ಯಾಕ ಹೇಳ್ತಿ?"

ಗೇಟಿನ ಹತ್ತಿರ ಯಾರೋ ನಕ್ಕರು. "ಓನರಮ್ಮಂಗೇ ಬೇ ಅಂತಾಳೆ, ಏನ್ ಧಿಮಾಕು ನೋಡು!"

ನೀನು ಅವ್ವಾ ಅಂದದ್ದು ಅಂತ ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿದ್ದೂ — ಬೈಸಿಕೊಂಡವಳ ಹಾಗೆ ಮುಖ ಮಾಡಿ, "ಕಂಡೆ. ಇವಳದೇ" ಅಂದೆ.

ಡ್ರೋನ್ ಕಿತ್ತುಕೊಂಡು ಹೋದರು. ಕೆಲಸವೂ ಹೋಯಿತು. ನೀನು ಜಗಳವನ್ನಾದರೂ ಆಡಿದ್ದರೆ... ರೂಮು ಗುಡಿಸಿ, ಬೀಗದ ಕೈ ಜಗುಲಿಯ ಮೇಲಿಟ್ಟು ಹೋದೆ.

ಆಮೇಲೆ ಆ ರೂಮಿಗೆ ಮೂರು ಮಂದಿ ಬಂದು ಹೋದರು. ಎಲ್ಲರಿಗೂ ನಾನು ಆಂಟಿ. ಮೇಲೆ ಹೆಜ್ಜೆ ಸಪ್ಪಳವಾದರೆ ಈಗಲೂ ಎರಡು ಲೋಟ ಕಾಫಿ ಬೆರೆಸುತ್ತೇನೆ. ಎರಡನೆಯದನ್ನೂ ನಾನೇ ಕುಡಿಯುತ್ತೇನೆ. ನೀನು ಯಾವ ಊರಿನಲ್ಲಿದ್ದೀಯೋ — ಕೇಳೋಣವೆಂದರೆ ಯಾರನ್ನು ಕೇಳಲಿ, ಯಾವ ಮುಖ ಹೊತ್ತು...

ನಿನ್ನೆ ಸ್ಟೇಷನ್ನಿಗೆ ಹೋಗಿದ್ದೆ. ಹೊಸಬನೊಬ್ಬ, "ಹಳೇ ವಿಷ್ಯ, ಈಗ್ಯಾಕಜ್ಜಿ? ಮನೆಗೋಗಿ" ಅಂದ. ಏಳಲಿಲ್ಲ. ಕೊನೆಗೆ ಬೇಸತ್ತು ಬರೆದುಕೊಂಡ: ಈ ಹೆಂಗಸು ಅಂದು ಏನನ್ನೂ ನೋಡಿಲ್ಲ, ಹೇಳಿದ್ದು ಸುಳ್ಳು. ಇಂಕಿನ ಡಬ್ಬಿ ಮುಂದೆ ತಳ್ಳಿ, ಹೆಬ್ಬೆಟ್ಟು ಒತ್ತಿ ಅಂದ.

ನೋಡಿದವರಿಗೆ ಹೆಬ್ಬೆಟ್ಟು ಯಾರದಾದರೂ ಇರಬಹುದು. ಪೆನ್ನು ಕೇಳಿ ತೆಗೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ನನ್ನ ಹೆಸರನ್ನು ಪೂರ್ತಿ ಬರೆದೆ.