ಸಬ್‌ಮರೀನ್ ಮೇಡಂ

ಬಸಲಿಂಗಮ್ಮ ಮೇಡಂ ಸಬ್‌ಮರೀನ್ ಖರೀದಿಯ ಸುದ್ದಿಯನ್ನು ಪಕ್ಕದ ಮನೆಯವರು ಎಮ್ಮೆ ಕೊಂಡ ಸುದ್ದಿಯಂತೆ ಹೇಳುತ್ತಿದ್ದರು. ದನಿ ತಗ್ಗಿಸಿ, ತುಸು ಮುಂದಕ್ಕೆ ಬಾಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವರು ಬರುತ್ತಿದ್ದರು. ನಾನು ಸಂತೆಕಲ್ಲೂರಿನಿಂದ ಆಟೋದಲ್ಲಿ ಮಸ್ಕಿಗೆ ಬಂದು ಅದೇ ಬಸ್ಸು ಹತ್ತುತ್ತಿದ್ದೆ. ಅಷ್ಟರಲ್ಲಿ ಅವರು ಪೇಪರ್ ಓದಿ ಮುಗಿಸಿರುತ್ತಿದ್ದರು. ನಾನು ಕೂರುವುದನ್ನೇ ಕಾಯುತ್ತಿದ್ದವರಂತೆ ಶುರು ಮಾಡುತ್ತಿದ್ದರು.

"ಶರಣಿ, ಇಂಡೋನೇಷ್ಯಾದವ್ರು ಫ್ರಾನ್ಸಿನಿಂದ ವಿಮಾನ ತೊಗೊಳಾಕತ್ತಾರಂತ. ಇನ್ನ ಬಾಜೂದವ್ರು ಸುಮ್ನ ಕುಂದ್ರತಾರೇನು?"

ಒಮ್ಮೆ ಟಿಕೆಟ್ ಕೊಡುತ್ತ ನಿಂತಿದ್ದ ಕಂಡಕ್ಟರ್ ಕುತೂಹಲ ತಡೆಯಲಾರದೆ, ಈ ಇಂಡೋನೇಷ್ಯಾದವರು ಯಾವೂರವರು, ನಮ್ಮ ರೂಟಿನಲ್ಲಿ ಓಡಾಡುತ್ತಾರೇನು ಎಂದು ಕೇಳಿದ್ದ. ಮೇಡಂ ನಗಲಿಲ್ಲ. ಮಸ್ಕಿಯಿಂದ ಸಿಂಧನೂರು ಬರುವವರೆಗೆ ಅವನಿಗೆ ಇಂಡೋನೇಷ್ಯಾ ಎಲ್ಲಿದೆ, ಅದರ ಮಗ್ಗುಲಲ್ಲಿ ಯಾರಿದ್ದಾರೆ ಎಂದು ವಿವರಿಸಿದರು. ಮರುದಿನದಿಂದ ಅವನೇ, "ಮೇಡಮ್ಮೋರ, ಇವತ್ತು ಯಾರು ಏನು ತೊಗೊಂಡಾರ?" ಎಂದು ವಿಚಾರಿಸತೊಡಗಿದ.

ಸಿಂಧನೂರಿನ ನಮ್ಮ ಪದವಿ ಕಾಲೇಜಿನಲ್ಲಿ ಅವರು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಗಿಡ್ಡ ಆಳು, ದಡದಡ ನಡಿಗೆ, ಹಣೆಯ ಮೇಲೆ ಅಗಲವಾದ ವಿಭೂತಿ. ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಪೂಜೆ ಮುಗಿಸಿ ಬಸ್ಸಿಗೆ ಓಡಿಬರುವುದರಲ್ಲಿ ನಾಷ್ಟಾಕ್ಕೆ ಹೊತ್ತು ಇರುತ್ತಿರಲಿಲ್ಲ. ಮೊದಲ ಕ್ಲಾಸು ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವರು. ಆಗ ನಾವು ಅನುಮಾನ ಕೇಳಲು ಹೋದರೆ ಜೋಳದ ರೊಟ್ಟಿಯನ್ನೇ ಮುರಿದು ದೇಶಗಳ ಗಡಿ ತೋರಿಸಿ, ಕೊನೆಗೆ ಆ ದೇಶಗಳನ್ನು ಶೇಂಗಾಪುಡಿ ಹಚ್ಚಿ ತಿನ್ನುವರು.

ಸಿಲಬಸ್ಸಿನಲ್ಲಿ ಆಗ್ನೇಯ ಏಷ್ಯಾ ಇದ್ದದ್ದು ಒಂದೆರಡು ಪುಟ. ಮೇಡಂ ಅದನ್ನು ವಾರಗಟ್ಟಲೆ ಎಳೆದರು. ಬೋರ್ಡಿನ ಮೇಲೆ ನಕ್ಷೆಯನ್ನು ನೋಡದೆಯೇ ಬರೆಯುತ್ತಿದ್ದರು. ವಿಯೆಟ್ನಾಂ ಅಂದರೆ ಬೆನ್ನು ಬಾಗಿದ ಮುದುಕಿ. ಇಂಡೋನೇಷ್ಯಾ ಅಂದರೆ ನೆಲಕ್ಕೆ ಚೆಲ್ಲಿದ ಮಂಡಕ್ಕಿ. ವಿಯೆಟ್ನಾಂ ರಷ್ಯಾದಿಂದ ಸಬ್‌ಮರೀನ್ ತಂದದ್ದು, ಥಾಯ್ಲೆಂಡಿನವರು ಸ್ವೀಡನ್ನಿನ ವಿಮಾನ ಕೊಂಡದ್ದು, ಮಲೇಷ್ಯಾದವರು ವಿಮಾನಕ್ಕಾಗಿ ಕೊರಿಯಾಕ್ಕೆ ಹೋದದ್ದು, ಎಲ್ಲ ಅವರ ಬಾಯಲ್ಲಿ ಸಂಬಂಧಿಕರ ಮನೆಯ ಸಮಾಚಾರವಾಗುತ್ತಿತ್ತು. ನಾವು ಅವರಿಗೆ ಸಬ್‌ಮರೀನ್ ಮೇಡಂ ಎಂದು ಹೆಸರಿಟ್ಟೆವು. ಅದು ಅವರ ಕಿವಿಗೂ ಬಿತ್ತು. ಬೇಸರ ಪಡಲಿಲ್ಲ, ಹಿಂದಿನ ಕಾಲೇಜಿನಲ್ಲಿ ಇಟ್ಟಿದ್ದ ಹೆಸರಿಗಿಂತ ಇದು ಎಷ್ಟೋ ಮೇಲು ಎಂದರು. ಆ ಹೆಸರು ಏನೆಂದು ಮಾತ್ರ ಎಷ್ಟು ಕಾಡಿದರೂ ಹೇಳಲಿಲ್ಲ.

ಫಿಲಿಪ್ಪೀನ್ಸ್ ನಮ್ಮ ದೇಶದಿಂದಲೇ ಕ್ಷಿಪಣಿ ಕೊಂಡಿದೆ ಎಂದು ಹೇಳಿದ ದಿನ ಹುಡುಗರು ಚಪ್ಪಾಳೆ ಹೊಡೆದರು. ಮೇಡಂ ಚಪ್ಪಾಳೆ ಮುಗಿಯುವವರೆಗೂ ಕಾದು ಹೇಳಿದರು:

"ಏನು ತೊಗೊಂಡ್ರು ಅನ್ನೋದು ಪೇಪರಿನಾಗ ಬರತೈತಿ. ಯಾರಿಗೆ ಅಂಜಿ ತೊಗೊಂಡ್ರು ಅನ್ನೋದು ನೀವು ಕೇಳಬೇಕು. ಮಾರಿದವ್ರು ನಾವ ಇದ್ರೂ ಕೇಳಬೇಕು."

ಅದಾದ ಮೇಲೊಂದು ದಿನ ಅವರು ಚೀಲದ ತುಂಬ ಹುಣಸೆಬೀಜ ತಂದು, ಕ್ಲಾಸನ್ನೇ ಆಗ್ನೇಯ ಏಷ್ಯಾ ಮಾಡಿದರು. ಬೆಂಚಿಗೊಂದು ದೇಶ. ಬೀಜವೇ ಬೊಕ್ಕಸ. ಅದರಲ್ಲಿ ಶಾಲೆ, ಆಸ್ಪತ್ರೆ, ರಸ್ತೆಗೆ ಎತ್ತಿಟ್ಟು, ಉಳಿದದ್ದರಲ್ಲಿ ಬೇಕೆನಿಸಿದರೆ ಆಯುಧ ಕೊಳ್ಳಬಹುದು. ನನಗೆ ಲಾವೋಸ್ ಬಂತು. ಸಮುದ್ರವಿಲ್ಲದ ದೇಶ, ಹಡಗು ಕೊಳ್ಳುವ ಆಸೆಯೂ ಇಲ್ಲ. ಶಾಲೆ, ಆಸ್ಪತ್ರೆಗೆ ಬೀಜ ಹಂಚಿ ಬೇಗನೆ ಕೈ ತೊಳೆದುಕೊಂಡೆ.

ಜವಳಗೇರಾದ ಅಮರೇಶನಿಗೆ ಥಾಯ್ಲೆಂಡ್, ಅದೇ ಊರಿನ ಹನುಮೇಶನಿಗೆ ಕಾಂಬೋಡಿಯಾ. ಇಬ್ಬರೂ ಒಂದೇ ಬೆಂಚಿನ ಗೆಳೆಯರು. ಅಮರೇಶನ ಮನೆಯವರದು ಕಾಲುವೆಯ ಕೆಳಗೆ ದೊಡ್ಡ ಗದ್ದೆ. ಅವನು ಬೈಕಿನಲ್ಲಿ ಕಾಲೇಜಿಗೆ ಬರುವಾಗ ಹಿಂದೆ ಹನುಮೇಶ ಕೂತಿರುತ್ತಿದ್ದ. ಆಟ ಶುರುವಾದಾಗ ಇಬ್ಬರೂ ನಗುತ್ತಲೇ ಇದ್ದರು. ಅಮರೇಶ ವಿಮಾನ ಕೊಂಡ. ಹನುಮೇಶ ರಾಕೆಟ್ ಕೊಂಡ. ಅಮರೇಶ ಗಡಿಗೆ ಟ್ಯಾಂಕ್ ತಂದ. ಹನುಮೇಶ ಆಸ್ಪತ್ರೆಯ ಬೀಜ ಎತ್ತಿ ಇನ್ನಷ್ಟು ರಾಕೆಟ್ ತಂದ. ಸುತ್ತಲಿನ ದೇಶಗಳೆಲ್ಲ ಬೆಂಚಿನ ಮೇಲೆ ಹತ್ತಿ ಹುರಿದುಂಬಿಸಿದವು. ಅಮರೇಶನ ಬೀಜ ಮುಗಿಯುತ್ತ ಬಂತು, ಹನುಮೇಶ ಇನ್ನೂ ಕೊಳ್ಳುತ್ತಲೇ ಇದ್ದ. ಆಗ ಅಮರೇಶ ಅಂದ:

"ನಮ್ಮ ಹೊಲದಾಗ ಕೂಲಿ ಮಾಡಾವ್ರು ನೀವು. ನಿನಗ್ಯಾಕಲೇ ರಾಕೆಟ್?"

ಯಾರೋ ನಕ್ಕರು. ಹನುಮೇಶ ತನ್ನ ಬೀಜವನ್ನೆಲ್ಲ ಕೈಯಿಂದ ನೆಲಕ್ಕೆ ದೂಡಿ, ಚೀಲ ಎತ್ತಿಕೊಂಡು ಹೊರಗೆ ಹೋದ. ಮೇಡಂ ಬಾಗಿಲವರೆಗೆ ಹೋಗಿ ಅವನ ಹೆಸರು ಕೂಗಿದರು. ಅವನು ತಿರುಗಿ ನೋಡಲಿಲ್ಲ. ಅವರು ವಾಪಸು ಬಂದು, ಯಾರನ್ನೂ ಬಯ್ಯದೆ, ಕುಕ್ಕರುಗಾಲಲ್ಲಿ ಕೂತು ಬೀಜ ಆರಿಸತೊಡಗಿದರು. ನಾವು ಆರಿಸಲು ಬಾಗಿದರೆ ಬೇಡವೆಂದರು.

ಹನುಮೇಶ ಆ ವಾರವೆಲ್ಲ ಬರಲಿಲ್ಲ. ಭತ್ತ ನಾಟಿಯ ಕಾಲ. ಅವ್ವನ ಜೊತೆ ಕೂಲಿಗೆ ಹೋಗುತ್ತಿದ್ದಾನೆ, ಇನ್ನು ಕಾಲೇಜು ಸಾಕೆನ್ನುತ್ತಿದ್ದಾನೆ ಎಂದು ಸುದ್ದಿ ಬಂತು. ಬಸ್ಸಿನಲ್ಲಿ ಮೇಡಂ ಪೇಪರ್ ಬಿಚ್ಚುವುದನ್ನೇ ಬಿಟ್ಟರು. ಕಂಡಕ್ಟರ್ ಎಂದಿನ ಪ್ರಶ್ನೆ ಕೇಳಿದಾಗ, ಇವತ್ತು ಯಾರೂ ಏನೂ ತೊಗೊಂಡಿಲ್ಲ ಎಂದು ಕಿಟಕಿಯ ಕಡೆ ತಿರುಗಿದರು. ಶನಿವಾರ ಕ್ಲಾಸು ಮುಗಿದ ಮೇಲೆ ಅಮರೇಶನನ್ನು ಕರೆದು, ಜವಳಗೇರಾಕ್ಕೆ ಹೋಗೋಣ, ಬೈಕು ಇಲ್ಲೇ ಇರಲಿ, ನಮ್ಮ ಜೊತೆ ಬಸ್ಸಿನಲ್ಲಿ ಬಾ ಎಂದರು. ನನ್ನನ್ನೂ ಕರೆದುಕೊಂಡರು. ಲಾವೋಸ್ ಯಾರ ಪರವೂ ಇಲ್ಲವಲ್ಲ, ಅದಕ್ಕೆ.

ಗದ್ದೆಯ ಬದುವಿನ ಮೇಲೆ ಹನುಮೇಶ ಸಸಿಯ ಕಟ್ಟುಗಳನ್ನು ಹೊತ್ತು ತಂದು ಹಾಕುತ್ತಿದ್ದ. ಗದ್ದೆ ಅಮರೇಶನ ಮನೆಯವರದೇ. ನಮ್ಮನ್ನು ನೋಡಿ ಅವನು ಕೆಲಸ ನಿಲ್ಲಿಸಲಿಲ್ಲ. ಅವನ ಅವ್ವ ದುರುಗಮ್ಮ ನಾಟಿ ಬಿಟ್ಟು ಕೆಸರು ಕಾಲಲ್ಲೇ ಮೇಲೆ ಬಂದಳು. ಮಗ ಏನೂ ಹೇಳುತ್ತಿಲ್ಲ, ಕಾಲೇಜಿನಲ್ಲಿ ಏನಾಯಿತು ಎಂದು ಕೇಳಿದಳು. ಮೇಡಂ ಥಾಯ್ಲೆಂಡಿಗೂ ಕಾಂಬೋಡಿಯಾಕ್ಕೂ ಜಗಳವಾಯಿತು ಎಂದು ಶುರು ಮಾಡಿದರು. ಅವು ಯಾರ ಹೊಲ ಎಂದಳು ದುರುಗಮ್ಮ. ಮೇಡಂ ತಡವರಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆಟ ಹಚ್ಚಿದಾಕಿ ನಾನವಾ. ತಪ್ಪು ನಂದೈತಿ," ಎಂದವರು ಅಮರೇಶನ ಕಡೆ ತಿರುಗಿ, "ಆಡಿದ ಮಾತು ನಿಂದೈತಿ. ಅಂದಿದ್ದನ್ನ ಇವ್ರ ಮುಂದ ಇನ್ನೊಮ್ಮೆ ಅನ್ನು," ಎಂದರು.

ಅಮರೇಶ ಬದುವಿನ ಹುಲ್ಲನ್ನೇ ನೋಡುತ್ತ ನಿಂತ. ಆ ಮಾತು ಏನಿರಬಹುದೆಂದು ತಿಳಿಯಲು ದುರುಗಮ್ಮನಿಗೆ ಅಷ್ಟೇ ಸಾಕಾಯಿತು. ಅವಳ ದನಿ ಏರಲಿಲ್ಲ.

"ನಿಮ್ಮ ಹೊಲದಾಗ ದುಡಿತೀವಿ, ಹೌದಪ್ಪ. ಇಲ್ಲಿ ನಿಂತು ಅನ್ನು, ಕೇಳ್ತೀನಿ. ಕಾಲೇಜಿನಾಗ ನನ್ನ ಮಗ ನಿಮ್ಮ ಆಳಲ್ಲ."

ಅಮರೇಶ ತಪ್ಪಾಯಿತು ಎಂದ. ಹನುಮೇಶನಿಗೆ ಕೇಳಿಸಿತೋ ಇಲ್ಲವೋ, ಅವನು ಇನ್ನೊಂದು ಕಟ್ಟು ತರಲು ಹೋದ. ನಾವು ಹೊರಟಾಗ ಮಾತ್ರ ಹಿಂದಿನಿಂದ, "ನಾಟಿ ಮುಗದ ಮ್ಯಾಲೆ ಬರ್ತೀನ್ರಿ ಮೇಡಂ," ಎಂದ.

ಬಂದ. ಅಮರೇಶನ ಬೆಂಚಿನಲ್ಲಿ ಮಾತ್ರ ಮತ್ತೆ ಕೂರಲಿಲ್ಲ, ಬೈಕೂ ಹತ್ತಲಿಲ್ಲ. ಮೇಡಂ ಅವರಿಬ್ಬರ ಕೈ ಹಿಡಿಸಿ ರಾಜಿ ಮಾಡಿಸಲು ಹೋಗಲಿಲ್ಲ. ಆದರೆ ಆಟವನ್ನೂ ಬಿಡಲಿಲ್ಲ. ಈ ಸಲ ದೇಶವನ್ನು ಮೊದಲು ಆರಿಸುವ ಸರದಿ ಹನುಮೇಶನದು. ಅವನು ಸಿಂಗಾಪುರ ಬೇಕೆಂದ. ಯಾಕೆಂದು ಕೇಳಿದರೆ, "ಸಣ್ಣದೈತ್ರಿ, ಆದ್ರ ಯಾರೂ ಸಣ್ಣದು ಅನ್ನಂಗಿಲ್ಲ," ಎಂದ. ಮೇಡಂ ಬೋರ್ಡಿನ ಕಡೆ ತಿರುಗಿ ಬಹಳ ಹೊತ್ತು ನಕ್ಷೆ ತಿದ್ದಿದರು. ಸಿಂಗಾಪುರ ಒಂದು ಚುಕ್ಕೆಯಷ್ಟೇ; ತಿದ್ದುವಂಥದ್ದೇನೂ ಇರಲಿಲ್ಲ.

ನಾನು ಎಂ.ಎ. ಮುಗಿಸುವಷ್ಟರಲ್ಲಿ ಅತಿಥಿ ಉಪನ್ಯಾಸಕರಿಗೂ ಅರ್ಹತಾ ಪರೀಕ್ಷೆ ಪಾಸಾಗಿರಬೇಕೆಂಬ ನಿಯಮ ಬಿಗಿಯಾಯಿತು. ಮೇಡಂ ಕೆಲಸ ಹೋಯಿತೆಂದು ಯಾರೋ ಹೇಳಿದರು. ಫೋನು ಮಾಡಬೇಕೆಂದುಕೊಂಡೆ, ಏನು ಮಾತಾಡಲಿ ಎಂದು ತೋಚದೆ ಸುಮ್ಮನಾದೆ. ಆ ವರ್ಷ ನಾನು ಅದೇ ಪರೀಕ್ಷೆ ಬರೆಯಲು ಬಳ್ಳಾರಿಗೆ ಹೋದರೆ, ನನ್ನ ಕೋಣೆಯಲ್ಲೇ, ಮುಂದಿನ ಸಾಲಿನಲ್ಲಿ, ಅದೇ ಅಗಲ ವಿಭೂತಿ. ನನಗಿಂತ ಅವರಿಗೇ ಹೆಚ್ಚು ಖುಷಿ. ಸುತ್ತಲಿನವರಿಗೆಲ್ಲ, ಇವಳು ನನ್ನ ವಿದ್ಯಾರ್ಥಿನಿ, ಲಾವೋಸ್, ಎಂದು ಪರಿಚಯ ಮಾಡಿಸಿದರು. ಯಾರಿಗೂ ಏನೂ ತಿಳಿಯಲಿಲ್ಲ.

ಸಂಜೆ ಒಂದೇ ಬಸ್ಸಿನಲ್ಲಿ ಹಿಂದಿರುಗಿದೆವು. ಸಿರುಗುಪ್ಪ ದಾಟುವವರೆಗೆ ಪ್ರಶ್ನೆಗಳನ್ನು ಒಂದೊಂದಾಗಿ ನೆನಪಿಸಿಕೊಂಡೆವು. ಅವರ ಉತ್ತರ, ನನ್ನ ಉತ್ತರ ಬಹಳ ಕಡೆ ಬೇರೆಬೇರೆಯಾಗಿದ್ದವು. ಹೊಸ ಸಿದ್ಧಾಂತಗಳ ಪ್ರಶ್ನೆಗಳಲ್ಲಿ ಅವರು ಎಡವಿದ್ದರು. ಪ್ರತಿ ತಪ್ಪಿಗೂ ನಗುತ್ತಿದ್ದರು. ದಢೇಸುಗೂರಿನ ಸೇತುವೆ ಬರುವಷ್ಟರಲ್ಲಿ ಆ ನಗು ಸಣ್ಣದಾಯಿತು. ಸಿಂಧನೂರಿನಲ್ಲಿ ಇಳಿದು ಲಿಂಗಸುಗೂರಿನ ಬಸ್ಸು ಹಿಡಿದೆವು. ಮಸ್ಕಿಯಲ್ಲಿ ನಾನು ಇಳಿಯಲು ಎದ್ದಾಗ ಅವರು ನನ್ನ ಕೈ ಹಿಡಿದರು.

"ಶರಣಿ, ನೀ ಪಾಸ್ ಆಗ್ತಿ. ಸಿಂಧನೂರಿನ ಆ ಕ್ಲಾಸು ನಿನಗ ಬರತೈತಿ. ಮೇಡಮ್ಮಂದು ಅಂತ ಹಿಂದಮುಂದ ನೋಡಬ್ಯಾಡ. ತೊಗೊ."

ನೀವು ಮುಂದಿನ ವರ್ಷ ಮತ್ತೆ ಬರೆಯಿರಿ ಎಂದೆ. ಬರೆಯುತ್ತೇನೆ ಎಂದರು. ಬಸ್ಸು ಹೊರಟಿತು. ಬರೆಯಲಿಲ್ಲವೆಂದು ಆಮೇಲೆ ತಿಳಿಯಿತು. ಹುಬ್ಬಳ್ಳಿಯಲ್ಲಿರುವ ತಮ್ಮನ ಮನೆಗೆ ಹೋದರಂತೆ, ಅಲ್ಲಿ ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳುತ್ತಾರಂತೆ. ಅವರನ್ನು ನಾನು ಮತ್ತೆ ನೋಡಿಲ್ಲ.

ನಾನು ಪಾಸಾದೆ, ಆ ಕ್ಲಾಸು ನನಗೇ ಬಂತು. ಕೋಣೆಯ ಹೊರಗೆ ತುಸು ಹೊತ್ತು ನಿಂತೆ. ಆಮೇಲೆ ಒಳಗೆ ಹೋದೆ.